ನಿಮಗಿದು ಗೊತ್ತೆ? ತುಕ್ಕು ಬಿಡಿಸಲು ಬ್ಯಾಟರಿ ಚಾರ್ಜರ್!

ಅಟ್ಟದಲ್ಲಿ ತುಕ್ಕು ಹಿಡಿದು ಬಿದ್ದಿರುವ ಅಜ್ಜನ ಕಾಲದ ಸ್ಪ್ಯಾನರನ್ನೋ ಮಚ್ಚನ್ನೋ ಗುಜರಿಗೆ ಹಾಕುವ ಮುನ್ನ ಸ್ವಲ್ಪ ತಾಳಿ. ಪ್ಲಾಸ್ಟಿಕ್ ಬಕೆಟ್ ನೀರಿಗೆ ನಾಲ್ಕೈದು ಚಮಚ ವಾಷಿಂಗ್ ಸೋಡಾ ಕರಗಿಸಿ. ಹಳೇ ಮಾದರಿಯ 12 ವೋಲ್ಟ್ ಬ್ಯಾಟರಿ ಚಾರ್ಜರಿನ ಮೈನಸ್ ವೈರನ್ನು ಸ್ಪ್ಯಾನರಿಗೆ, ಪ್ಲಸ್ ವೈರನ್ನು ಬೇಡವಾದ ಕಬ್ಬಿಣದ ಪಟ್ಟಿಗೆ ಕೊಟ್ಟು ಎರಡನ್ನೂ ಒಂದಕ್ಕೊಂದು ತಾಗದಂತೆ ಮುಳುಗಿಸಿ. ಸ್ಪ್ಯಾನರಿನ ಮೈಯಿಂದ ಸಣ್ಣ ಗುಳ್ಳೆಗಳು ಏಳುತ್ತವೆ, ಮೇಲೆ ಕಂದು ನೊರೆ ಕಟ್ಟುತ್ತದೆ. ಕೆಲವು ಗಂಟೆಗಳ ಬಳಿಕ ಚಾರ್ಜರ್ ಆಫ್ ಮಾಡಿ, ಉಳಿದ ಕಪ್ಪು ಮಸಿಯನ್ನು ಬ್ರಷ್‌ನಿಂದ ಉಜ್ಜಿದರಾಯಿತು. ಆಸಿಡ್‌ನ ಹಾಗೆ ಇದು ಒಳ್ಳೆಯ ಕಬ್ಬಿಣವನ್ನು ತಿನ್ನುವುದಿಲ್ಲ. ತುಕ್ಕಿನಡಿ ಮುಚ್ಚಿಹೋಗಿದ್ದ ಕಂಪನಿಯ ಹೆಸರೂ ಓದಲು ಸಿಗುವುದುಂಟು.

ಆ ಗುಳ್ಳೆಗಳು ಹೈಡ್ರೋಜನ್. ಹಾಗಾಗಿ ಹಿತ್ತಲಿನಲ್ಲೇ ಮಾಡಿ, ಬೀಡಿ-ಬೆಂಕಿ ಹತ್ತಿರ ಬೇಡ. ಕಬ್ಬಿಣದ ಪಟ್ಟಿಯ ಬದಲು ಅಡುಗೆಮನೆಯ ಸ್ಟೀಲ್ ತಟ್ಟೆ ಇಟ್ಟರೆ ವಿಷಕಾರಿ ಕ್ರೋಮಿಯಂ ನೀರಿಗಿಳಿಯುತ್ತದೆ. ಸೋಡಾ ಇಲ್ಲವೆಂದು ಉಪ್ಪು ಹಾಕಿದಿರೋ, ಕ್ಲೋರಿನ್ ಅನಿಲ! ಹಳೇ ಬೈಕಿನ ಕಾರ್ಬುರೇಟರನ್ನಂತೂ ಇದರೊಳಗೆ ಇಳಿಸಲೇಬೇಡಿ. ಅಲ್ಯೂಮಿನಿಯಂ, ಸತುವಿನ ಭಾಗಗಳನ್ನು ಸೋಡಾ ನೀರು ಕೊರೆಯುತ್ತದೆ. ಹೊರತೆಗೆದ ಕಬ್ಬಿಣವನ್ನು ಕೂಡಲೇ ಒರೆಸಿ, ಒಣಗಿಸಿ, ಎಣ್ಣೆ ಹಚ್ಚಿ. ತಡಮಾಡಿದರೆ ಮತ್ತೆ ಕೆಂಪಗಾಗುತ್ತದೆ.