ನಾಯಿ ಕೆರೆದ ಬಾಗಿಲಿಗೆ ದುಡ್ಡು ಯಾರು ಕೊಡಬೇಕು?

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದೋಕೆ ಅನುಕೂಲ ಆಗಲಿ ಅಂತ ಅಲ್ಲಲ್ಲಿ ಸ್ವಲ್ಪ ತಿದ್ದಿದ್ದೇವೆ.)



ಇವತ್ತು ನನ್ನದೇ ಲೆಕ್ಕದಿಂದ ಶುರು ಮಾಡ್ತೀನಿ. ಬೆಂಗಳೂರಲ್ಲಿ ನಾನಿದ್ದ ಬಾಡಿಗೆ ಮನೆಗೆ ಕೊಟ್ಟಿದ್ದ ಅಡ್ವಾನ್ಸ್ 1,50,000 ರೂಪಾಯಿ. ಖಾಲಿ ಮಾಡೋ ದಿನ ಓನರ್ ಅಂಕಲ್ ಒಂದು ಚೀಟಿ ಕೈಗೆ ಕೊಟ್ರು. ಪೇಂಟಿಂಗ್ 24,000. ಗೋಡೆ ಪಟ್ಟಿ 8,000. ಬೆಡ್‌ರೂಮ್ ಬಾಗಿಲು 16,000. ಹಾಲ್ ನೆಲ ಪಾಲಿಶ್ 14,000. ಕ್ಲೀನಿಂಗ್ 6,000. ಒಟ್ಟು 68,000 ಕಟ್. ವಾಪಸ್ ಬರೋದು 82,000. ಚೀಟಿ ಕೆಳಗೆ ಒಂದೇ ಪದ ಬರೆದಿದ್ರು: 'ನಾಯಿ'.

ಆ ನಾಯಿ ಹೆಸರು ಬೋಂಡ. ಬೀದಿಯಿಂದ ಬಂದ ಇಂಡಿ. ಈಗ ಈ ಮೈಕ್ ಸ್ಟ್ಯಾಂಡ್ ಪಕ್ಕದಲ್ಲೇ ಮಲಗಿದೆ, ಗೊರಕೆ ಕೇಳಿಸಿದ್ರೆ ಅದು ನಂದಲ್ಲ.

ಚೀಟಿ ನೋಡಿದ ತಕ್ಷಣ ನಂಗೆ ಬಂದಿದ್ದು ಸಿಟ್ಟು. ಫ್ರೆಂಡ್ಸ್ ಗ್ರೂಪಲ್ಲಿ ಫೋಟೋ ಹಾಕಿ 'ಹಗಲು ದರೋಡೆ' ಅಂತ ಬರೆದೆ. ಎಲ್ರೂ ಹೌದು ಹೌದು ಅಂದ್ರು. ಆಮೇಲೆ ವಕೀಲಿಕೆ ಮಾಡೋ ಗೆಳತಿಗೆ ಫೋನ್ ಮಾಡಿದೆ. ಅವಳು ಪೂರ್ತಿ ಕೇಳಿ ಒಂದೇ ಪ್ರಶ್ನೆ ಕೇಳಿದಳು: 'ಬಾಗಿಲು ಕೆರೆದಿದ್ದು ನಿನ್ನ ನಾಯಿ ತಾನೆ?'

ಹೌದು. ಕೆರೆದಿದ್ದು ಬೋಂಡನೇ. ದೀಪಾವಳಿ ರಾತ್ರಿ, ಹೊರಗೆ ಪಟಾಕಿ. ಶಬ್ದ ಕಮ್ಮಿ ಇರ್ಲಿ ಅಂತ ನಾನೇ ಅವನನ್ನ ಬೆಡ್‌ರೂಮ್‌ಗೆ ಹಾಕಿ ಬಾಗಿಲು ಮುಂದೆ ಎಳೆದು ಊಟಕ್ಕೆ ಹೋಗಿದ್ದೆ. ಬಂದು ನೋಡಿದ್ರೆ ಬಾಗಿಲಿನ ಕೆಳಭಾಗದ ಲ್ಯಾಮಿನೇಟ್ ಕಿತ್ತು ಒಳಗಿನ ಪ್ಲೈ ಕಾಣ್ತಾ ಇತ್ತು. ಬೋಂಡನ ಒಂದು ಉಗುರಲ್ಲಿ ರಕ್ತ.

ಈಗ ಕಾನೂನು ಏನು ಹೇಳುತ್ತೆ ನೋಡೋಣ. ಬಾಡಿಗೆ ಅಂದ್ರೆ ಕರ್ನಾಟಕ ಬಾಡಿಗೆ ಕಾಯ್ದೆ, 1999 ಅಂತ ಹೆಚ್ಚಿನವರು ಅಂದ್ಕೋತಾರೆ. ಆದರೆ ಆ ಕಾಯ್ದೆಗೆ ಬಾಡಿಗೆಯ ಮಿತಿ ಇದೆ. ಬೆಂಗಳೂರಂಥ ನಗರದಲ್ಲಿ ತಿಂಗಳಿಗೆ 3,500 ರೂಪಾಯಿಗಿಂತ ಹೆಚ್ಚು ಬಾಡಿಗೆಯ ವಾಸದ ಮನೆಗೆ ಅದು ಅನ್ವಯ ಆಗಲ್ಲ. ಆ ಬಾಡಿಗೆಗೆ ಈಗ ಬೈಕ್ ನಿಲ್ಲಿಸೋಕೆ ಜಾಗ ಸಿಕ್ಕಿದ್ರೆ ದೊಡ್ಡದು. ಹಾಗಾಗಿ ನಮ್ಮಂಥವರ ವಿಷಯದಲ್ಲಿ ಮುಖ್ಯವಾಗೋದು ಎರಡು ಹಳೇ ಕಾಯ್ದೆಗಳು: ಆಸ್ತಿ ವರ್ಗಾವಣೆ ಕಾಯ್ದೆ, 1882 ಮತ್ತು ಭಾರತೀಯ ಒಪ್ಪಂದ ಕಾಯ್ದೆ, 1872.

ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಸೆಕ್ಷನ್ ಬಾಡಿಗೆದಾರನ ಹೊಣೆ ಏನು ಅಂತ ಪಟ್ಟಿ ಮಾಡುತ್ತೆ. ಅದರ ಸಾರ ಇಷ್ಟು: ಮನೆಯನ್ನು ನೀವು ಪಡೆದಾಗ ಯಾವ ಸ್ಥಿತಿಯಲ್ಲಿತ್ತೋ ಅದೇ ಸ್ಥಿತಿಯಲ್ಲಿ ಇಟ್ಟುಕೊಂಡು, ಬಿಡುವಾಗ ಹಾಗೇ ಒಪ್ಪಿಸಬೇಕು. ವಿನಾಯಿತಿ ಎರಡಕ್ಕೆ ಮಾತ್ರ. ಒಂದು, ಸಹಜ ಸವೆತ. ಇನ್ನೊಂದು, ತಡೆಯಲಾಗದ ಶಕ್ತಿಯಿಂದ ಆದ ಬದಲಾವಣೆ. ನೀವು ಮಾಡಿದ ಕೆಲಸದಿಂದ ಅಥವಾ ನಿಮ್ಮ ಅಜಾಗರೂಕತೆಯಿಂದ ಏನಾದ್ರೂ ಹಾಳಾಗಿದ್ರೆ, ಮಾಲೀಕರು ನೋಟಿಸ್ ಕೊಟ್ಟ ಮೂರು ತಿಂಗಳೊಳಗೆ ಸರಿ ಮಾಡಿಕೊಡಬೇಕು.

ನಾಯಿ, ಬೆಕ್ಕು ಅನ್ನೋ ಮಾತು ಅಲ್ಲೆಲ್ಲೂ ಇಲ್ಲ. ಇರಬೇಕಾಗೂ ಇಲ್ಲ. ನಾಯಿ ಸಾಕಿದ್ದು ನಾವು, ಅದನ್ನ ಆ ರೂಮಲ್ಲಿ ಬಿಟ್ಟಿದ್ದು ನಾವು. ಗೋಡೆ ಬಣ್ಣ ಮಾಸೋದು, ನಡೆದಾಡಿ ನೆಲದ ಹೊಳಪು ಕಮ್ಮಿ ಆಗೋದು, ಚಿಲಕ ಸಡಿಲ ಆಗೋದು ಸಹಜ ಸವೆತ. ಬಾಗಿಲಿನ ಪ್ಲೈ ಹೊರಗೆ ಬರೋದು ಸವೆತ ಅಲ್ಲ. ನಾನು ಗೆಳತಿ ಹತ್ರ 'ಪಟಾಕಿ ತಡೆಯಲಾಗದ ಶಕ್ತಿ ಅಲ್ವಾ?' ಅಂತಾನೂ ವಾದ ಮಾಡಿ ನೋಡಿದೆ. ದೀಪಾವಳಿ ಪ್ರತಿ ವರ್ಷ ಕ್ಯಾಲೆಂಡರ್‌ನಲ್ಲಿ ಇರುತ್ತಲ್ವಾ ಅಂದಳು.

ಹಾಗಾದ್ರೆ 68,000 ಕೊಟ್ಟು ಸುಮ್ನೆ ಬರಬೇಕಿತ್ತಾ? ಇಲ್ಲ. ಇದು ನಂಗೆ ಆಗ ಗೊತ್ತಿರಲಿಲ್ಲ: ನಾಯಿ ಮಾಡಿದ ಹಾನಿಗೆ ನಾವು ಹೊಣೆ. ನಾಯಿ ಇತ್ತು ಅನ್ನೋ ಒಂದೇ ಕಾರಣಕ್ಕೆ ಮನೆಯ ಎಲ್ಲಾ ಹಳೇ ಗಾಯಕ್ಕೂ ನಾವು ಹೊಣೆ ಅಲ್ಲ.

ಒಪ್ಪಂದ ಕಾಯ್ದೆಯಲ್ಲಿ 73ನೇ ಸೆಕ್ಷನ್ ಇದೆ. ಒಪ್ಪಂದ ಮುರಿದದ್ದರಿಂದ ಆದ ನಷ್ಟಕ್ಕೆ ಪರಿಹಾರ ಅನ್ನುತ್ತೆ. ನಷ್ಟ ಅಂದ್ರೆ ನಷ್ಟ, ಲಾಭ ಅಲ್ಲ. ಹತ್ತು ವರ್ಷ ಹಳೇ ಬಾಗಿಲು ಕೆಟ್ಟರೆ ಹೊಸ ಬಾಗಿಲಿನ ಪೂರ್ತಿ ದುಡ್ಡು ಕೇಳೋದು ನಷ್ಟದ ಲೆಕ್ಕ ಆಗಲ್ಲ, ಅದರಲ್ಲೂ ಕೆಳಗಿನ ಎರಡು ಅಡಿ ರಿಪೇರಿ ಮಾಡಿದ್ರೆ ಸಾಕಾಗಿದ್ದರೆ.

74ನೇ ಸೆಕ್ಷನ್ ಇನ್ನೂ ಉಪಯೋಗದ್ದು. ಕೆಲವು ಅಗ್ರಿಮೆಂಟಲ್ಲಿ 'ಸಾಕುಪ್ರಾಣಿ ಕಂಡುಬಂದರೆ ಪೂರ್ತಿ ಅಡ್ವಾನ್ಸ್ ಮುಟ್ಟುಗೋಲು' ಅಂತ ಬರೆದಿರ್ತಾರೆ. ಒಪ್ಪಂದದಲ್ಲಿ ಒಂದು ಮೊತ್ತ ಬರೆದಿದ್ರೂ ಕೋರ್ಟ್ ಕೊಡಿಸೋದು ನ್ಯಾಯವಾದ ಪರಿಹಾರ ಮಾತ್ರ, ಬರೆದ ಮೊತ್ತ ಅದರ ಮೇಲ್ಮಿತಿ. 2015ರಲ್ಲಿ ಕೈಲಾಶ್ ನಾಥ್ ಅಸೋಸಿಯೇಟ್ಸ್ ಮತ್ತು ದೆಹಲಿ ಅಭಿವೃದ್ಧಿ ಪ್ರಾಧಿಕಾರದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನ ಬಿಡಿಸಿ ಹೇಳ್ತು. ನಷ್ಟ ಆಗಿರಲೇಬೇಕು, ಲೆಕ್ಕ ಹಾಕಿ ತೋರಿಸಬಹುದಾದ ನಷ್ಟವನ್ನ ತೋರಿಸಲೇಬೇಕು. ಅದು ಜಮೀನಿನ ಹರಾಜಿನ ಕೇಸು, ನಾಯಿಗೂ ಅದಕ್ಕೂ ಸಂಬಂಧ ಇಲ್ಲ. ಆದರೆ ತತ್ವ ಠೇವಣಿಯದ್ದೇ.

ಒಂದು ಕಹಿ ಮಾತೂ ಹೇಳಿಬಿಡ್ತೀನಿ. ಕಾನೂನು ನಮ್ಮ ಕಡೆ ಇದ್ರೂ ದುಡ್ಡು ಇರೋದು ಓನರ್ ಹತ್ರ. 30,000 ರೂಪಾಯಿಗೆ ಸಿವಿಲ್ ಕೋರ್ಟ್ ಹತ್ತೋಕೆ ಯಾರಿಗೆ ಪುರುಸೊತ್ತು? ಕೇಂದ್ರ ಸಂಪುಟ 2021ರಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ, ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಠೇವಣಿ ಬೇಡ ಅನ್ನುತ್ತೆ. ಆದರೆ ಅದು ಹೆಸರಿಗೆ ತಕ್ಕಂತೆ ಮಾದರಿ, ರಾಜ್ಯಗಳು ತಮ್ಮ ಕಾನೂನಾಗಿ ತಂದ್ಕೊಂಡ್ರೆ ಮಾತ್ರ ಲೆಕ್ಕಕ್ಕೆ. ಬೆಂಗಳೂರಿನ ಟು-ಲೆಟ್ ಬೋರ್ಡ್‌ಗಳು ಆರು ತಿಂಗಳು, ಹತ್ತು ತಿಂಗಳು ಅಂತ ಕೇಳೋದು ನಿಂತಿಲ್ಲ. ಲೀಸ್ ಮನೆ ಆದ್ರಂತೂ ಲಕ್ಷಗಳೇ ಅವರ ಕೈಲಿ. ಹಾಗಾಗಿ ಜಗಳ ಗೆಲ್ಲೋದು ಕೋರ್ಟಲ್ಲಿ ಅಲ್ಲ, ಹಾಲ್‌ನಲ್ಲಿ, ಚೇರ್ ಹಾಕ್ಕೊಂಡು ಕೂತು.

ನಾನೂ ಹಾಗೇ ಕೂತೆ. ಭಾನುವಾರ ಬೆಳಗ್ಗೆ ಒಬ್ಬ ಕಾರ್ಪೆಂಟರ್‌ನ ಕರ್ಕೊಂಡು ಹೋದೆ. ಅಂಕಲ್ ಮುಖ ಬಿಗಿ ಇತ್ತು. 'ನೋಡಪ್ಪ, ನಾಯಿ ಇದೆ ಅಂದಾಗ ಬೇಡ ಅಂದ್ನಾ ನಾನು? ಬೇರೆ ಯಾರು ಕೊಡ್ತಿದ್ರು ನಿಂಗೆ ಮನೆ?' ಅಂದ್ರು. ಅದು ನಿಜ. ಅದಕ್ಕೂ ಮುಂಚೆ ಹನ್ನೊಂದು ಮನೆಯವರು ಬೋಂಡನ ಹೆಸರು ಕೇಳಿಯೇ ಫೋನ್ ಇಟ್ಟಿದ್ರು. ಆಂಟಿ ಒಳಗಿಂದ, 'ರಿಟೈರ್‌ಮೆಂಟ್ ದುಡ್ಡಲ್ಲಿ ಕಟ್ಟಿಸಿದ ಮನೆ ಕಣೋ, ಆ ಬಾಗಿಲು ನಾನೇ ಆರಿಸಿದ್ದು' ಅಂದ್ರು. ನಂಗೆ ಅಲ್ಲಿವರೆಗೂ ಅದು ಬರೀ 16,000ದ ಬಾಗಿಲಾಗಿತ್ತು. 'ಆಂಟಿ, ಬಾಗಿಲು ನನ್ನ ತಪ್ಪು, ಸರಿ ಮಾಡಿಸಿಯೇ ಹೋಗ್ತೀನಿ' ಅಂದೆ. ಕಾಫಿ ಬಂದಿದ್ದು ಆಮೇಲೆ.

ಕಾರ್ಪೆಂಟರ್ ಬಾಗಿಲು ತಟ್ಟಿ ನೋಡಿ, ಕೆಳಗಿನ ಭಾಗಕ್ಕೆ ಹೊಸ ಲ್ಯಾಮಿನೇಟ್ ಹಾಕಿ ಅಂಚಿಗೆ ಪಟ್ಟಿ ಹೊಡೆದರೆ 4,500 ಅಂದ. ಅಂಕಲ್ ಎರಡು ಸಲ ಬಗ್ಗಿ ನೋಡಿ ಒಪ್ಪಿದ್ರು.

ಗೋಡೆ ಪಟ್ಟಿಯ 8,000 ಬಗ್ಗೆ ಇದನ್ನ ಗಮನ ಇಟ್ಟು ಕೇಳಿ, ಇದು ತುಂಬಾ ಜನಕ್ಕೆ ಆಗುತ್ತೆ. ಮನೆ ಬಿಡುವಾಗ ಪೇಂಟಿಂಗ್‌ಗೆ ಒಂದು ತಿಂಗಳ ಬಾಡಿಗೆ ಹಿಡ್ಕೊಳ್ಳೋದು ಬೆಂಗಳೂರಿನ ರೂಢಿ, ನನ್ನ ಅಗ್ರಿಮೆಂಟಲ್ಲೂ ಇತ್ತು. 108ನೇ ಸೆಕ್ಷನ್ ಕೂಡ ಒಪ್ಪಂದ ಅಥವಾ ಸ್ಥಳೀಯ ರೂಢಿ ಬೇರೆ ಏನಾದ್ರೂ ಹೇಳದೇ ಇದ್ದಾಗ ಅಂತಲೇ ಶುರುವಾಗುತ್ತೆ. ಸರಿ, ಕೊಡೋಣ. ಆದರೆ ಪೂರ್ತಿ ಮನೆಗೆ ಪೇಂಟ್ ಮಾಡಿಸೋಕೆ 24,000 ತಗೊಂಡ ಮೇಲೆ, ಅದೇ ಗೋಡೆಯ ಮೇಲಿನ ಉಗುರು ಗೀರಿಗೆ ಪಟ್ಟಿ ಹಾಕಿಸೋಕೆ ಮತ್ತೆ ದುಡ್ಡು ಯಾಕೆ? ಪೇಂಟರ್ ಹೇಗೂ ಗೀರು, ಮೊಳೆ ತೂತು ಮುಚ್ಚಿಯೇ ಬಣ್ಣ ಹೊಡೀತಾನೆ. ಇದನ್ನ ಮೆತ್ತಗೆ ಕೇಳಿದೆ. ಅಂಕಲ್ ಚೀಟಿಯಲ್ಲಿ ಆ ಸಾಲು ತಾವೇ ಹೊಡೆದು ಹಾಕಿದ್ರು. ನಾಯಿ ಗೋಡೆಯ ಪ್ಲಾಸ್ಟರ್ ತನಕ ತೋಡಿದ್ದರೆ ಮಾತು ಬೇರೆ.

ನೆಲ ಮಾತ್ರ ಕಷ್ಟ ಆಯ್ತು. ಹಾಲ್‌ಗೆ ಬಿಳಿ ಮಾರ್ಬಲ್. ದೇವರ ಮನೆ ಹತ್ರ ಒಂದು ದೊಡ್ಡ ಕಂದು ಕಲೆ. 'ಇದು ನಿನ್ನ ನಾಯಿದೇ' ಅಂದ್ರು. ಅಲ್ಲ ಅಂತ ನಂಗೆ ಗೊತ್ತು, ತೋರಿಸೋಕೆ ಏನೂ ಇಲ್ಲ. ಮನೆಗೆ ಬಂದ ದಿನ ನಾನು ಮನೆಯ ಒಂದು ಫೋಟೋನೂ ತೆಗೆದಿರಲಿಲ್ಲ. ಫೋನ್ ಗ್ಯಾಲರಿ ಹಿಂದೆ ಹಿಂದೆ ಸ್ಕ್ರೋಲ್ ಮಾಡ್ತಾ ಹೋದ್ರೆ ಶಿಫ್ಟ್ ಆದ ದಿನದ ಒಂದು ಫೋಟೋ ಸಿಕ್ತು. ಖಾಲಿ ಹಾಲ್, ಮಧ್ಯದಲ್ಲಿ ಬೋಂಡ ನಾಲಿಗೆ ಹೊರಗೆ ಹಾಕ್ಕೊಂಡು ಕೂತಿದ್ದಾನೆ. ಅವನ ಕಿವಿಯ ಹಿಂದೆ ಅದೇ ಕಲೆ. ಹಿಂದಿನ ಬಾಡಿಗೆದಾರರ ದೀಪದ ಎಣ್ಣೆ ಇರಬೇಕು. ಆಂಟಿ ಫೋಟೋ ಝೂಮ್ ಮಾಡಿ ನೋಡಿ, 'ಪಾಪ, ಎಷ್ಟು ಚಿಕ್ಕದಿತ್ತು ಆಗ' ಅಂದ್ರು.

ಆದರೆ ಬಾಲ್ಕನಿ ಬಾಗಿಲ ಹತ್ರ ಹೊಳಪು ಹೋಗಿದ್ದ ಜಾಗ ನಮ್ಮದೇ. ಮಳೆಗಾಲದಲ್ಲಿ ಹೊರಗೆ ಕರ್ಕೊಂಡು ಹೋಗೋಕೆ ಸೋಮಾರಿತನ ಮಾಡಿದ ಸಂಜೆಗಳ ಗುರುತು. ಮಾರ್ಬಲ್ ಸುಣ್ಣದ ಅಂಶದ ಕಲ್ಲು, ಆಮ್ಲ ಬಿದ್ರೆ ಕೊರೆಯುತ್ತೆ. ಮೂತ್ರ ಒರೆಸದೇ ಬಿಟ್ರೂ ಕೆಡುತ್ತೆ, ವಾಸನೆ ಹೋಗ್ಲಿ ಅಂತ ನಿಂಬೆ, ವಿನೆಗರ್ ಹಾಕಿ ಉಜ್ಜಿದ್ರೆ ಇನ್ನೂ ಜಾಸ್ತಿ ಕೆಡುತ್ತೆ. ನಾನು ಎರಡೂ ಮಾಡಿದ್ದೆ. ಆ ತುಂಡಿಗೆ ಮಾತ್ರ ಪಾಲಿಶ್‌ಗೆ 3,000 ಅಂತ ಮಾತಾಯ್ತು.

ಕ್ಲೀನಿಂಗ್ 6,000 ಪೂರ್ತಿ ಕೊಟ್ಟೆ. ವಾಸನೆ ಇಲ್ಲ ಅಂತ ವಾದ ಮಾಡ್ತಿದ್ದೆ, ಕಾರ್ಪೆಂಟರ್ ಒಳಗೆ ಬಂದ ತಕ್ಷಣ 'ನಾಯಿ ಇತ್ತಾ ಸಾರ್?' ಅಂದುಬಿಟ್ಟ. ನಮ್ಮ ಮನೆ ವಾಸನೆ ನಮ್ಮ ಮೂಗಿಗೆ ಗೊತ್ತಾಗಲ್ಲ.

ಕೊನೆಗೆ 37,500 ಕಟ್ ಆಗಿ 1,12,500 ವಾಪಸ್ ಬಂತು.

ಕಳೆದ ವಾರ ಮೈಸೂರಿನ ಕೇಳುಗರೊಬ್ಬರು ವಾಯ್ಸ್ ನೋಟ್ ಕಳಿಸಿದ್ರು. ಅವರದ್ದು ಬೆಕ್ಕು, ಮನೆಯಲ್ಲಿ ಓನರ್ ಕೊಟ್ಟ ಸೋಫಾ. ಬೆಕ್ಕಿನ ಮೂತ್ರದ ಕಷ್ಟ ಬೇರೆ ಥರ. ಅದರಲ್ಲಿರೋ ಯೂರಿಕ್ ಆಮ್ಲ ಒಣಗಿ ಹರಳಾಗಿ ಬಟ್ಟೆ, ಸ್ಪಂಜಿನೊಳಗೆ ಕೂರುತ್ತೆ, ನೀರಲ್ಲಿ ಸುಲಭವಾಗಿ ಕರಗಲ್ಲ. ಗಾಳಿಯಲ್ಲಿ ತೇವ ಹೆಚ್ಚಾದಾಗ ಮತ್ತೆ ವಾಸನೆ ಏಳುತ್ತೆ. ಪೆಟ್ ಅಂಗಡಿಯಲ್ಲಿ ಸಿಗೋ ಎನ್‌ಜೈಮ್ ಕ್ಲೀನರ್ ಇದಕ್ಕೆ ಸರಿ. ಫಿನಾಯಿಲ್ ಬೇಡ, ಅದರಲ್ಲಿರೋ ಫೀನಾಲ್ ಥರದ ರಾಸಾಯನಿಕ ಬೆಕ್ಕಿಗೆ ವಿಷ. ಮೂತ್ರದ ಮೇಲೆ ಬ್ಲೀಚ್ ಸುರಿಯೋದೂ ಬೇಡ, ಕೆಟ್ಟ ಗ್ಯಾಸ್ ಬರುತ್ತೆ. ಸೋಫಾ ಹರಿದಿದ್ರೆ ಅದೂ ಬಾಗಿಲಿನ ಲೆಕ್ಕವೇ: ಹಳೇ ಸೋಫಾದ ಬಟ್ಟೆ ಬದಲಾಯಿಸೋ ಖರ್ಚು ನಿಮ್ಮದು, ಹೊಸ ಸೋಫಾ ಅಲ್ಲ.

ಇನ್ನೊಂದು ಪ್ರಶ್ನೆ ಪದೇ ಪದೇ ಬರುತ್ತೆ: 'ಅಪಾರ್ಟ್‌ಮೆಂಟ್ ಅಸೋಸಿಯೇಷನ್ ನಾಯಿ ಸಾಕೋ ಹಾಗಿಲ್ಲ ಅಂತಿದೆ.' ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿ ಪ್ರಕಾರ ಅಸೋಸಿಯೇಷನ್‌ಗಳು ಸಾಕುನಾಯಿಗೆ ನಿಷೇಧ ಹಾಕುವಂತಿಲ್ಲ. ಆದರೆ ಓನರ್ ಅಂದ್ರೆ ಅಸೋಸಿಯೇಷನ್ ಅಲ್ಲ. ಮನೆ ಕೊಡೋ ಮುಂಚೆ 'ಪ್ರಾಣಿ ಬೇಡ' ಅಂತ ಅವರು ಷರತ್ತು ಹಾಕಿ, ನೀವು ಸಹಿ ಹಾಕಿ, ಆಮೇಲೆ ಬ್ಯಾಗಲ್ಲಿ ಬೆಕ್ಕು ತಂದ್ರೆ ಒಪ್ಪಂದ ಮುರಿದವರು ನೀವೇ. ಹಾನಿಯ ಲೆಕ್ಕ ಕೇಳೋ ನೈತಿಕ ಬಲವೂ ಅಲ್ಲಿಗೆ ಹೋಗುತ್ತೆ. ಬಚ್ಚಿಡಬೇಡಿ ಅಂತ ನಾನು ಹೇಳೋದು ಅದಕ್ಕೇ.

ನಾನು ಆ ಮನೆಯಲ್ಲಿ ಇದ್ದಿದ್ದು ಮೂರು 11 ತಿಂಗಳ ಅಗ್ರಿಮೆಂಟ್ ಕಾಲ. ಮೂರರಲ್ಲೂ ಬೋಂಡನ ಹೆಸರಿಲ್ಲ, ಎಲ್ಲಾ ಬಾಯಿಮಾತು. ಈಗಿನ ಮನೆಗೆ ಬಂದಾಗ ಸಾಮಾನು ಇಳಿಸೋ ಮುಂಚೆ ಫೋನ್ ಹಿಡಿದು ಎಲ್ಲಾ ರೂಮಿನ ವಿಡಿಯೋ ಮಾಡಿದೆ. ಬಾಗಿಲುಗಳ ಕೆಳಭಾಗ, ಗೋಡೆಯ ಬುಡ, ಕಿಟಕಿಯ ಸೊಳ್ಳೆ ಮೆಶ್, ನೆಲದ ಮೂಲೆಗಳು. ಅವತ್ತೇ ಓನರ್‌ಗೆ ವಾಟ್ಸ್ಆ್ಯಪ್ ಮಾಡಿ 'ಇವತ್ತಿನ ಸ್ಥಿತಿ ಇದು, ಇಬ್ರ ಹತ್ರಾನೂ ಇರ್ಲಿ' ಅಂದೆ. ಅವರು ಹೆಬ್ಬೆರಳು ಒತ್ತಿದ್ರು, ಅಷ್ಟು ಸಾಕು.

ಅಗ್ರಿಮೆಂಟಲ್ಲಿ ಈ ಸಾಲು ಸೇರಿಸಿದ್ವಿ, ಬೇಕಾದ್ರೆ ಸ್ಕ್ರೀನ್‌ಶಾಟ್ ತೆಗೆದುಕೊಳ್ಳಿ: 'ಬಾಡಿಗೆದಾರರ ಬಳಿ ಒಂದು ನಾಯಿ ಇದ್ದು, ಇದಕ್ಕೆ ಮಾಲೀಕರ ಒಪ್ಪಿಗೆ ಇರುತ್ತದೆ. ನಾಯಿಯಿಂದ ಉಂಟಾದ ಹಾನಿಯ ವಾಸ್ತವ ರಿಪೇರಿ ವೆಚ್ಚವನ್ನು ಬಿಲ್ಲಿನ ಪ್ರಕಾರ ಮುಂಗಡ ಹಣದಿಂದ ಕಡಿತಗೊಳಿಸಬಹುದು. ಪೇಂಟಿಂಗ್ ವೆಚ್ಚದಲ್ಲಿ ಸೇರಿದ ಕೆಲಸಕ್ಕೆ ಹಾಗೂ ಸಹಜ ಸವೆತಕ್ಕೆ ಪ್ರತ್ಯೇಕ ಕಡಿತ ಇರುವುದಿಲ್ಲ.'

ಹೊಸ ಓನರ್ ಆಂಟಿ ಕನ್ನಡಕ ಹಾಕ್ಕೊಂಡು ಪೂರ್ತಿ ಓದಿ, ಪೆನ್ ತಗೊಂಡು ಕೆಳಗೆ ತಮ್ಮದೊಂದು ಸಾಲು ಸೇರಿಸಿದ್ರು: 'ಸಂಡಿಗೆ ಒಣಗಿಸುವ ದಿನಗಳಲ್ಲಿ ನಾಯಿಯನ್ನು ಟೆರೇಸಿಗೆ ಬಿಡತಕ್ಕದ್ದಲ್ಲ.' ಸಹಿ ಹಾಕಿದೆ. ಮಾರ್ಚ್ ಬಂತು, ಸದ್ಯಕ್ಕೆ ಟೆರೇಸ್ ಬಾಗಿಲಿಗೆ ಬೀಗ ಇದೆ.

ನಿಮ್ಮ ಅಡ್ವಾನ್ಸ್ ಕಥೆ ಇದ್ರೆ ವಾಯ್ಸ್ ನೋಟ್ ಕಳಿಸಿ, ಬಾಡಿಗೆದಾರರಷ್ಟೇ ಅಲ್ಲ, ಓನರ್‌ಗಳೂ ಕಳಿಸಿ. ಮುಂದಿನ ವಾರ ಸಿಗ್ತೀನಿ.