ಅಳತೆಯರಿತ ಸಾಧನೆ

ಕಾಯವನ್ನು ತಿರಸ್ಕರಿಸುವುದು ಶರಣಧರ್ಮವಲ್ಲ. ಇಷ್ಟಲಿಂಗವನ್ನು ಧರಿಸುವುದು ಈ ಕಾಯದ ಮೇಲೆಯೇ. ಅದನ್ನು ಶುಚಿಯಾಗಿ, ಸದೃಢವಾಗಿ ಇರಿಸಿಕೊಳ್ಳುವುದೂ ಪೂಜೆಯ ಅಂಗವೆಂದು ನಾವು ತಿಳಿಯಬೇಕು.

ಇಂದಿನ ಯುವಕರಲ್ಲಿ ಕೆಲವರು ‘ಟ್ರಯತ್ಲಾನ್’ ಎಂಬ ಸಾಧನೆಗೆ ತೊಡಗಿದ್ದಾರೆ. ಈಜು, ಸೈಕಲ್ ಸವಾರಿ, ಓಟ ಮೂರನ್ನೂ ಒಂದರ ಬೆನ್ನಿಗೆ ಒಂದರಂತೆ ಒಂದೇ ದಿನ ಮುಗಿಸಬೇಕು. ಇದರ ದೀರ್ಘ ಸ್ಪರ್ಧೆಯು 1978ರಲ್ಲಿ ಹವಾಯಿ ದ್ವೀಪಸಮೂಹದಲ್ಲಿ ಆರಂಭವಾಯಿತು. ಅಂದು ಹೊರಟವರು 15 ಮಂದಿ, ಗುರಿ ಮುಟ್ಟಿದವರು 12. ಈಜು 3.8 ಕಿ.ಮೀ., ಸೈಕಲ್ 180 ಕಿ.ಮೀ., ಓಟ 42.2 ಕಿ.ಮೀ. ಬ್ರಹ್ಮಾವರದಿಂದ ಹೊರಟು ಕುಂದಾಪುರ, ಮರವಂತೆ ದಾಟಿ ಬೈಂದೂರು ಮುಟ್ಟಿ ಮರಳಿದರೂ ಆ ಸೈಕಲ್ ದೂರ ಪೂರ್ತಿಯಾಗದು! ನೈಋತ್ಯ ರೈಲ್ವೆಯ ಅಧಿಕಾರಿ ಶ್ರೇಯಸ್ ಹೊಸೂರ್ ಅವರು 2022ರಲ್ಲಿ ಜರ್ಮನಿಯ ಹ್ಯಾಂಬರ್ಗಿನಲ್ಲಿ ಇದನ್ನು ಪೂರೈಸಿದರು. ಇದರ ಅರ್ಧ ದೂರದ ಸ್ಪರ್ಧೆ 2019ರಲ್ಲಿ ನೆರೆಯ ಗೋವೆಯ ಪಣಜಿಯಲ್ಲೂ ನಡೆಯಿತು.

ಇದು ಒಂದು ದಿನದ ಸಾಹಸವೆಂದು ತೋರಬಹುದು. ಆದರೆ ಅದರ ಹಿಂದೆ ತಿಂಗಳುಗಟ್ಟಲೆಯ ನಿತ್ಯನೇಮವಿದೆ. ಬೆಳಗಿನ ಜಾವ ಏಳಬೇಕು, ಹೊತ್ತಿಗೆ ಸರಿಯಾಗಿ ಮಲಗಬೇಕು, ನಾಲಗೆಯನ್ನು ಹಿಡಿತದಲ್ಲಿಡಬೇಕು. ಮೊದಲ ವಾರಗಳಲ್ಲಿ ಉತ್ಸಾಹ ಉಕ್ಕುತ್ತದೆ. ನೇಮವು ಮೈಗೂಡುವುದು ಆ ಉಕ್ಕು ಇಳಿದ ಮೇಲೆಯೇ.

ಇಲ್ಲಿ ಆಯ್ದಕ್ಕಿ ಲಕ್ಕಮ್ಮನ ಪ್ರಸಂಗ ನೆನಪಿಗೆ ಬರುತ್ತದೆ. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಪತಿ ಮಾರಯ್ಯನ ಕಾಯಕ. ಒಂದು ದಿನ ಆತ ಎಂದಿಗಿಂತ ಹೆಚ್ಚು ತಂದಾಗ, ಆ ತಾಯಿ ಹಿಗ್ಗಲಿಲ್ಲ. ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬರುವಂತೆ ಕಳುಹಿಸಿದಳು. ಕಾಯಕ ತಪ್ಪಬಾರದು, ಅಳತೆಯೂ ಮೀರಬಾರದು ಎಂಬುದೇ ಇದರ ತಿರುಳು.

ದೇಹಸಾಧನೆಗೂ ಇದೇ ಧರ್ಮ. ನಿನ್ನೆ ತಪ್ಪಿದ್ದನ್ನು ಇಂದು ದುಪ್ಪಟ್ಟು ಮಾಡಿ ತೀರಿಸಹೊರಟವನ ಮಂಡಿ, ಹಿಮ್ಮಡಿಗಳು ನೋವಿಗೆ ತುತ್ತಾಗುತ್ತವೆ. ದೂರವನ್ನು ವಾರದಿಂದ ವಾರಕ್ಕೆ ಸ್ವಲ್ಪ ಸ್ವಲ್ಪವೇ ಏರಿಸಬೇಕು, ನಡುವೆ ಇಳಿಸಲೂಬೇಕು. ದಣಿದ ಸ್ನಾಯು ಬಲಗೊಳ್ಳುವುದು ವಿಶ್ರಾಂತಿಯಲ್ಲಿ. ಆದ್ದರಿಂದ ಬಿಡುವಿನ ದಿನವೂ ನೇಮದ ಭಾಗವೇ. ನಮ್ಮ ಕರಾವಳಿಯ ಸೆಕೆಯಲ್ಲಿ ಬೆವರಿನೊಡನೆ ಉಪ್ಪೂ ಹೋಗುತ್ತದೆ. ಬರಿಯ ನೀರನ್ನೇ ಅತಿಯಾಗಿ ಕುಡಿದರೆ ರಕ್ತದಲ್ಲಿನ ಉಪ್ಪಿನಂಶ ಇಳಿದು ಅಪಾಯವಾಗುತ್ತದೆ. ಉಪ್ಪು ಬೆರೆಸಿದ ಕುಚ್ಚಲಕ್ಕಿ ಗಂಜಿಯ ತಿಳಿ ಇಲ್ಲಿ ನೆರವಾಗುತ್ತದೆ.

ಕಡಲಿನ ವಿಷಯದಲ್ಲಂತೂ ಅಳತೆ ತಪ್ಪಿದರೆ ಜೀವವೇ ಹೋದೀತು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆಯ ನಿಷೇಧವಿದೆ. ಕಡಲನ್ನೇ ನಂಬಿ ಬದುಕುವವರ ದೋಣಿಗಳು ದಡದಲ್ಲಿರುವಾಗ, ಮರವಂತೆಯ ಅಲೆಗೆ ಎದೆಯೊಡ್ಡುವುದು ಶೌರ್ಯವಲ್ಲ, ಅಹಂಕಾರ. ಆ ತಿಂಗಳುಗಳಲ್ಲಿ ಈಜುಕೊಳವೇ ಸಾಕು. ಉಳಿದ ದಿನಗಳಲ್ಲೂ ಒಂಟಿಯಾಗಿ ನೀರಿಗಿಳಿಯಬಾರದು.

ಮನೆಯ ಹಿರಿಯರು ಇದನ್ನು ಹುಚ್ಚೆಂದು ಗದರುವುದು ಬೇಡ. ಮಗನೋ ಮಗಳೋ ನಸುಕಿನಲ್ಲಿ ಹೊರಟರೆ ಮೂರು ಮಾತು ಕೇಳಿರಿ: ಸಾಕಷ್ಟು ನಿದ್ರೆಯಾಯಿತೇ? ಜೊತೆಗೆ ಯಾರಿದ್ದಾರೆ? ಇಂದಿನ ಅಳತೆ ಎಷ್ಟು? ಸಾಧಕರೂ ತಮ್ಮ ಹೊತ್ತನ್ನು ಸೋಮಾರಿತನದಿಂದ ಕಸಿಯಲಿ, ಮನೆಯ ಕರ್ತವ್ಯದಿಂದಲ್ಲ. ತಂದೆತಾಯಿಯ ಸೇವೆಯನ್ನೂ ಹೊಟ್ಟೆಪಾಡಿನ ಕಾಯಕವನ್ನೂ ಮರೆಸುವ ಓಟ ಎಷ್ಟು ದೂರದ್ದಾದರೇನು? ಲಿಂಗಪೂಜೆಯಂತೆ ನಿತ್ಯವೂ ನಡೆದು, ಲಕ್ಕಮ್ಮನ ಅಕ್ಕಿಯಂತೆ ಅಳತೆಯಲ್ಲಿ ನಿಂತ ಸಾಧನೆಯೇ ಶಿವನಿಗೆ ಸಲ್ಲುವ ಸಾಧನೆ.