ಚಿಟ್ಟೆಗಳನ್ನು ಕರೆಯುವ ಗೌರಿ ಹೂವು, ಗಡ್ಡೆಯಲ್ಲಿದೆ ವಿಷ

ಭಾದ್ರಪದದ ಗೌರಿ ಹಬ್ಬ ಸಮೀಪಿಸುವ ಹೊತ್ತಿಗೆ ಮಲೆನಾಡಿನ ಬೇಲಿಗಳಲ್ಲಿ, ಕಾಡಿನಂಚಿನ ಪೊದೆಗಳ ಮೇಲೆ ಬೆಂಕಿಯ ನಾಲಗೆಯಂಥ ಹೂವುಗಳು ಅರಳುತ್ತವೆ. ಇದೇ ಗೌರಿ ಹೂವು, ಸಂಸ್ಕೃತದ ಅಗ್ನಿಶಿಖೆ. ನೆರೆಯ ತಮಿಳುನಾಡು ಇದನ್ನು ರಾಜ್ಯಪುಷ್ಪವನ್ನಾಗಿ ಸ್ವೀಕರಿಸಿದೆ. ನಗರದ ಕೈತೋಟದಲ್ಲಿಯೂ ಇದನ್ನು ಬೆಳೆಸಬಹುದು, ಆದರೆ ಎಚ್ಚರಿಕೆ ಅಗತ್ಯ.

ಬಳ್ಳಿಯ ಆಯುಷ್ಯವಿರುವುದು ನೆಲದೊಳಗಿನ ಗಡ್ಡೆಯಲ್ಲಿ. ಬೇಸಿಗೆಯಲ್ಲಿ ಮೇಲ್ಭಾಗ ಸಂಪೂರ್ಣ ಒಣಗಿದರೂ ಮಳೆ ಬಿದ್ದೊಡನೆ ಹೊಸ ಚಿಗುರು ಮೂಡುತ್ತದೆ. ಮುಂಗಾರಿನ ಆರಂಭದಲ್ಲಿ, ನೀರು ನಿಲ್ಲದ ಸಡಿಲ ಮಣ್ಣಿನಲ್ಲಿ ಗಡ್ಡೆಯನ್ನು ಅಡ್ಡಲಾಗಿ ಮಲಗಿಸಿ ನೆಡಬೇಕು. ಮೊಳಕೆ ಬರುವುದು ಗಡ್ಡೆಯ ತುದಿಯಿಂದ ಮಾತ್ರ. ಆ ತುದಿ ಮುರಿದರೆ ಆ ವರ್ಷದ ಆಸೆ ಬಿಡುವುದೇ ಸರಿ. ಎಲೆಯ ತುದಿಯೇ ಬಳ್ಳಿಕುಡಿಯಾಗಿ ಸುತ್ತಿಕೊಳ್ಳುವುದರಿಂದ ತೆಳುವಾದ ಕಡ್ಡಿ ಅಥವಾ ತಂತಿಯ ಆಸರೆ ಸಾಕು. ಬೀಜದಿಂದ ಬೆಳೆಸುವವರು ಹೂವಿಗಾಗಿ ಕೆಲವು ವರ್ಷ ಕಾಯಬೇಕಾಗುತ್ತದೆ.

ಹೂವಿನ ರಚನೆ ಕುತೂಹಲಕರ. ದಳಗಳು ಹಿಂದಕ್ಕೆ ಬಾಗಿದ್ದು, ಕೇಸರಗಳು ಸುತ್ತಲೂ ಹೊರಚಾಚಿಕೊಂಡಿರುತ್ತವೆ. ಶಲಾಕೆ ಬುಡದಲ್ಲಿಯೇ ಪಕ್ಕಕ್ಕೆ ಮುರಿದಂತೆ ಬಾಗಿರುತ್ತದೆ. ದಳಗಳ ಬುಡದಲ್ಲಿರುವ ಮಕರಂದಕ್ಕಾಗಿ ಬರುವ ದೊಡ್ಡ ಚಿಟ್ಟೆಗಳ ರೆಕ್ಕೆಗೆ ಪರಾಗ ಅಂಟಿ, ಮತ್ತೊಂದು ಹೂವಿನ ಶಲಾಕಾಗ್ರಕ್ಕೆ ತಲುಪುತ್ತದೆ. ಸೂರಕ್ಕಿಗಳೂ ಭೇಟಿ ನೀಡುತ್ತವೆ. ಹಸಿರು ಮಿಶ್ರಿತ ಹಳದಿಯಾಗಿ ಅರಳುವ ಹೂವು ದಿನ ಕಳೆದಂತೆ ಕಡುಗೆಂಪಾಗುತ್ತದೆ.

ಪರಾಗಸ್ಪರ್ಶಕಗಳ ಬೆಲೆ ತಮಿಳುನಾಡಿನ ಬೆಳೆಗಾರರಿಗೆ ಚೆನ್ನಾಗಿ ಗೊತ್ತು. ಅಲ್ಲಿ ಬೀಜಕ್ಕಾಗಿ ಇದನ್ನು ಹೊಲಗಳಲ್ಲಿ ಬೆಳೆಯುತ್ತಾರೆ. ಸಹಜವಾಗಿ ಕಾಯಿ ಕಚ್ಚುವುದು ಕಡಿಮೆಯಾದ್ದರಿಂದ ಕೂಲಿಯಾಳುಗಳು ಬೆಳಗಿನ ಹೊತ್ತು ಹೂವಿನಿಂದ ಹೂವಿಗೆ ಕೈಯಿಂದಲೇ ಪರಾಗ ಮುಟ್ಟಿಸುತ್ತಾರೆ. ಚಿಟ್ಟೆ ಪುಕ್ಕಟೆಯಾಗಿ ಮಾಡುವ ಕೆಲಸಕ್ಕೆ ದಿನಗೂಲಿ!

ಬೀಜಕ್ಕೆ ಈ ಬೇಡಿಕೆ ಬರಲು ಅದರಲ್ಲಿರುವ ಕೋಲ್ಚಿಸಿನ್ ಕಾರಣ. ಗೌಟ್ ಎಂಬ ಸಂಧಿನೋವಿಗೆ ಔಷಧವಾಗಿರುವ ಇದೇ ವಸ್ತು ಪ್ರಮಾಣ ಮೀರಿದರೆ ಪ್ರಾಣಾಂತಕ. ಗಿಡದ ಎಲ್ಲ ಭಾಗಗಳೂ ವಿಷಕಾರಿ. ಗಡ್ಡೆಯನ್ನು ಗೆಣಸೆಂದು ಭ್ರಮಿಸಿ ತಿಂದವರು ಸಾವನ್ನಪ್ಪಿದ ಪ್ರಕರಣಗಳು ವೈದ್ಯಕೀಯ ಸಾಹಿತ್ಯದಲ್ಲಿ ದಾಖಲಾಗಿವೆ. ತಿಂದ ಕೆಲವು ಗಂಟೆಗಳಲ್ಲಿ ವಾಂತಿ, ಭೇದಿ ಆರಂಭವಾಗುತ್ತದೆ. ಅದು ನಿಂತಂತೆ ಕಂಡರೂ ಅಪಾಯ ಕಳೆದಿರುವುದಿಲ್ಲ. ಮನೆಮದ್ದಿಗೆ ಕಾಯದೆ ಆಸ್ಪತ್ರೆಗೆ ಧಾವಿಸಬೇಕು.

ಪುಟ್ಟ ಮಕ್ಕಳು, ಸಾಕುಪ್ರಾಣಿಗಳಿರುವ ಮನೆಯಲ್ಲಿ ಈ ಬಳ್ಳಿ ಬೇಡ. ಉಳಿದವರು ಕೈಗವಸು ಧರಿಸಿ ನೆಡಲಿ, ಕುಂಡದ ಮೇಲೆ ಹೆಸರು ಬರೆದಿಡಲಿ. ಔಷಧಕ್ಕಾಗಿ ಅಗೆದು ಅಗೆದು ಕಾಡಿನಲ್ಲಿ ಬಳ್ಳಿ ವಿರಳವಾಗುತ್ತಿರುವುದರಿಂದ ಗಡ್ಡೆಯನ್ನು ಅಲ್ಲಿಂದ ಕಿತ್ತು ತರದೆ ನರ್ಸರಿಯಿಂದಲೇ ಪಡೆಯುವುದು ಒಳ್ಳೆಯದು.